ಏಳೆಂಟ್ಲೆ ಎಷ್ಟು?

ಕನ್ಫೆಷನ್ ಒಂದಿದೆ, ಮೊದಲೇ ಮುಗಿಸಿಬಿಡುತ್ತೇನೆ. ಎಪ್ಪತ್ನಾಲ್ಕು ವರ್ಷ ನಾನು ಏಳರ ಮಗ್ಗಿ ಬಾರದೆಯೇ ಆರಾಮಾಗಿ ಬದುಕಿದೆ. ಈಗ ಎಂಟು ದಿನದಿಂದ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ.

ತಪ್ಪು ಭಾಷೆಯದು. ಕನ್ನಡದಲ್ಲಿ ಏಳೆಂಟು ಎಂದರೆ ಸುಮಾರು. ಸಿರುಗುಪ್ಪದ ನಮ್ಮತ್ತೆ "ಏಳೆಂಟು ಮೆಣಸಿನಕಾಯಿ ಹಾಕವಾ" ಎಂದರೆ ಆರಾದರೂ ನಡೆಯುತ್ತಿತ್ತು, ಒಂಬತ್ತಾದರೂ ನಡೆಯುತ್ತಿತ್ತು. ಅದೇ ಏಳೆಂಟಕ್ಕೆ 'ಲೆ' ಎಂಬ ಬಾಲ ಅಂಟಿಸಿದರೆ ಐವತ್ತಾರಾಗಿ ಕೂರುತ್ತದೆ. ಕಾನ್ವೆಂಟಿನಲ್ಲಿ 'ಸೆವೆನ್ ಎಯ್ಟ್ಸ್' ಎಂದು ಎಂಟಕ್ಕೆ ಬಹುವಚನ ಕೊಟ್ಟು ಹಾಡುತ್ತಿದ್ದ ನಮಗೆ ಈ ಬಾಲದ ಪರಿಚಯವೇ ಇರಲಿಲ್ಲ.

ಕನ್ನಡಕವನ್ನು ಫ್ರಿಜ್ಜಿನಲ್ಲಿಟ್ಟೆ ಎಂಬ ಒಂದೇ ಕಾರಣಕ್ಕೆ ಸೊಸೆ ಸುಜಾತ ನನ್ನನ್ನು ಡಾಕ್ಟರ ಬಳಿ ಕರೆದೊಯ್ದಳು. ಅವರು, "ಅಮ್ಮಾ, ಏಳೆಂಟ್ಲೆ ಎಷ್ಟ್ರಿ?" ಎಂದರು.

"ಏಳೋ ಎಂಟೋ ಇರಬೌದ್ರಿ."

ಅವರು ನಗಲಿಲ್ಲ. ಏನೋ ಬರೆದುಕೊಂಡರು.

ಅಂದಿನಿಂದ ನಮ್ಮ ಬಳ್ಳಾರಿಯ ಬ್ರೂಸ್‌ಪೇಟೆ ಮಾರ್ಕೆಟ್ಟಿಗೆ ನಾನೊಬ್ಬಳೇ ಹೋಗುವುದು ಬಂದ್. "ಕಲ್ತಿದ್ದು ಮರ್ತೀರಿ ಅತ್ತಿ" ಎನ್ನುತ್ತಾಳೆ ಸುಜಾತ. ಕಲಿತೇ ಇಲ್ಲ ಎಂದರೆ ನಂಬಳು. ಕಾನ್ವೆಂಟಿನವರಿಗೆ ಮಗ್ಗಿ ಬಾರದಿರುತ್ತದೆಯೇ ಎಂಬುದು ಅವಳ ಲಾಜಿಕ್. ನಾನು ಕಾಯಿಪಲ್ಲೆ ಹೆಚ್ಚುತ್ತ, ಮೊಸರು ಕಡೆಯುತ್ತ, ಅಡುಗೆಮನೆ ತುಂಬ 'ಏಳೆಂಟ್ಲೆ ಐವತ್ತಾರು' ಎಂದು ಜಪಿಸಿದೆ. ಅವಳ ಗಾಬರಿ ಇನ್ನಷ್ಟು ಹೆಚ್ಚಿತು.

ಕಡೆಗೆ ಸಾಕ್ಷಿಯೇ ಬೇಕೆಂದು ಅವಳನ್ನು ಎಳೆದುಕೊಂಡು ಕುರುಗೋಡಿಗೆ ಹೋದೆ. ಅಲ್ಲಿರುವ ವಿಮಲಾ ನನ್ನ ಬೆಂಚ್‌ಮೇಟ್, ಕ್ಲಾಸಿಗೇ ಮಗ್ಗಿಯ ರಾಣಿ.

"ಇಕಿಗೆ ಮಗ್ಗಿ?" ವಿಮಲಾ ನನ್ನ ಸೊಸೆಯ ಕಡೆ ತಿರುಗಿದಳು. "ಬರೇ ತುಟಿ ಅಲ್ಲಾಡಿಸ್ತಿದ್ಲವಾ. ನಲವತ್ತು ಹುಡುಗ್ಯಾರ ಗದ್ಲದಾಗ ಸಿಸ್ಟರಿಗೇನು ಗೊತ್ತಾಗತೈತಿ?"

ದಡ್ಡಿ ಎನಿಸಿಕೊಂಡು ಇಷ್ಟು ಸಂತೋಷ ನನಗೆಂದೂ ಆಗಿರಲಿಲ್ಲ. ಸುಜಾತಳೂ ನಕ್ಕಳು. "ಹಂಗಾರ ನಾಳಿ ಪ್ಯಾಟಿಗೆ ನೀವೊಬ್ರೇ ಹೋಗಿ ಬರ್ರಿ ಅತ್ತಿ."

ಅಷ್ಟಕ್ಕೇ ಏಳಬೇಕಿತ್ತು. ವಿಮಲಾ ಬಿಡಲಿಲ್ಲ. "ನನ್ನದು ಕೇಳಿಲ್ಲಿ" ಎಂದು ಮಕ್ಕಳಿಗೆ ಹೇಳಿಕೊಡುತ್ತ ಕಲಿತ ಕನ್ನಡದ ಧಾಟಿಯಲ್ಲೇ ಏಳರ ಮಗ್ಗಿ ಎತ್ತಿಕೊಂಡಳು. ನಲವತ್ತೊಂಬತ್ತರವರೆಗೆ ಎಕ್ಸ್‌ಪ್ರೆಸ್ ರೈಲು. ಏಳೆಂಟ್ಲೆ ಎಂದಳು, ನಿಂತಳು. ಮತ್ತೆ ಹೇಳಿದಳು, ಮತ್ತೆ ನಿಂತಳು. ಸೆರಗಿನ ಚುಂಗನ್ನು ಬೆರಳಿಗೆ ಸುತ್ತತೊಡಗಿದಳು. ಸುಜಾತ ಅವಳನ್ನು ಡಾಕ್ಟರು ನನ್ನನ್ನು ನೋಡಿದ ಹಾಗೆಯೇ ನೋಡುತ್ತಿದ್ದಳು.

ಜೀವನದಲ್ಲಿ ಮೊದಲ ಸಲ ಆ ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು.

"ಐವತ್ನಾಕು" ಎಂದೆ, ಅದನ್ನು ನುಂಗಿಕೊಂಡು, ಜೋರಾಗಿ.

"ಐವತ್ತಾರಲೇ ದಡ್ಡಿ." ವಿಮಲಾಳ ಬಾಯಿಂದ ತಾನೇ ಹಾರಿಬಂತು. ಮುಖ ಅರಳಿತು. ಆಮೇಲೆ ಎಪ್ಪತ್ತರವರೆಗೆ ಅವಳು ನಿಲ್ಲಲಿಲ್ಲ.

"ನಾಳಿ ಪ್ಯಾಟಿಗೆ ನಾನೂ ಬರ್ತೀನ್ರಿ ಅತ್ತಿ" ಎಂದಳು ಸುಜಾತ ಬಸ್ಸಿನಲ್ಲಿ. ಎಂಟು ದಿನ ನನ್ನ ಬಾಯಲ್ಲಿ ಐವತ್ತಾರು ಕೇಳಿದ್ದವಳಲ್ಲವೇ ಅವಳು? ಬಳ್ಳಾರಿಯಲ್ಲಿ ಇಳಿಯುವಾಗ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಹಿಡಿಯಲಿ ಎಂದು ಬಿಟ್ಟೆ. ಬ್ರೂಸ್‌ಪೇಟೆ ಎಲ್ಲಿಗೂ ಓಡಿಹೋಗುವುದಿಲ್ಲ. ಓಡಿಹೋಗುವವು ಐವತ್ತಾರಿನಂಥವು.