ಗೆಟ್ರಿಂಕ್ಟ್ ಎಂಬ ಮಹಾಪರಾಧ

ಸಮಸ್ತ ಸ್ನೇಹಿತರಿಗೆ ಗಂಭೀರವಾಗಿ ಸಾರುತ್ತಿದ್ದೇನೆ: ಜರ್ಮನ್ ಭಾಷೆಯಲ್ಲಿ ‘ಟ್ರಿಂಕನ್’ ಎಂದರೆ ಕುಡಿಯುವುದು. ಕುಡಿದಾದ ಮೇಲೆ ಅದು ‘ಗೆಟ್ರುಂಕನ್’. ಆಗಿಹೋದ ಕ್ರಿಯೆಗೆ ಮೊದಲಿಗೆ ‘ಗೆ’, ಕೊನೆಗೆ ‘ಟ್’ ಎಂಬ ನಿಯಮ ನಂಬಿ ‘ಗೆಟ್ರಿಂಕ್ಟ್’ ಎಂದರೆ ಅಪರಾಧ.

ಇವತ್ತು ಬೆಳಿಗ್ಗೆ ಆ ಅಪರಾಧ ಮಾಡಿದವಳು ನನ್ನ ಅಕ್ಕನ ಮಗಳು ಶೈಲಾ. ಹೊನ್ನಾಳಿಯಲ್ಲಿ ನರ್ಸ್. ಜರ್ಮನಿಯ ಆಸ್ಪತ್ರೆಯ ಕೆಲಸ ಸಿಗಬೇಕಾದರೆ ಶನಿವಾರದ ಭಾಷಾ ಪರೀಕ್ಷೆ ಪಾಸಾಗಬೇಕು. ಮೊಬೈಲ್ ಕ್ಲಾಸಿನಲ್ಲಿ, ಎಲ್ಲರೆದುರೇ, ಬೆಂಗಳೂರಿನ ಮೇಷ್ಟ್ರು ರೇಗಿದರು.

“ಹಳ್ಳಿಯವರಿಗೆ ಇದೆಲ್ಲ ಯಾಕ್ರೀ? ಪರೀಕ್ಷೆಲಿ ಬೀಳಿದ್ರೆ ನನ್ನ ಕೇಳ್ಬೇಡಿ!”

“ಸಾರ್, ಬೀಳಿದ್ರೆ ಅಲ್ರೀ, ಬಿದ್ರೆ” ಎಂದಳು ಶೈಲಾ. “ನಮ್ ಕನ್ನಡದಾಗೂ ಹಿಂಗೇ ಐತಲ್ರೀ. ಬೀಳು, ಬಿದ್ದ. ಏಳು, ಎದ್ದ. ನಿಯಮ ಹುಡುಕಾಕೆ ಹೋದ್ರೆ ಸಿಗಲ್ಲ.”

ಕ್ಲಾಸಿಗೆ ಕ್ಲಾಸೇ ನಕ್ಕಿತು. ಮೇಷ್ಟ್ರು ಅವಳನ್ನು ವಾಟ್ಸಾಪ್ ಗುಂಪಿನಿಂದಲೇ ಕಿತ್ತು ಹಾಕಿದರು. ತಾಯಿನುಡಿಯಲ್ಲಿ ಎಡವಿದವರು ಅವರು, ಹೊರಗೆ ಬಿದ್ದವಳು ನಮ್ಮ ಹುಡುಗಿ! ಹೊಟ್ಟೆ ಉರಿಯುತ್ತಿದೆ ಸ್ವಾಮಿ.

ನಿಯಮ ಮುರಿಯುವ ಕ್ರಿಯಾಪದಗಳ ಪಟ್ಟಿ ಸಂಜೆ ಆ ಗುಂಪಿಗೇ ಬರಬೇಕಿತ್ತು. ನಿಮ್ಮಲ್ಲಿ ಯಾರಾದರೂ ಜರ್ಮನ್ ಕಲಿತಿದ್ದರೆ, ಆ ಪಟ್ಟಿಯ ಒಂದು ಫೋಟೋ ತೆಗೆದು ಶುಕ್ರವಾರದೊಳಗೆ ಕಳಿಸಿ. ಅಕ್ಷರ ಓದುವಂತಿರಲಿ.