ದನಿಯ ಗ್ಯಾರಂಟಿ

ಚಾಚಾ ಅವರ ಎಡಗಿವಿಯ ಮೇಲೆ ಯಾವಾಗಲೂ ಕರಿ ಮಸಿ ಇರುತ್ತಿತ್ತು. ಬಿಚ್ಚಿದ ಟೇಪ್ ರೆಕಾರ್ಡರಿಗೆ ಕಿವಿ ಹಚ್ಚಿ ಮೋಟಾರಿನ ಸದ್ದು ಕೇಳುವುದು ಅವರ ರೂಢಿ. ಮೊದಲ ಸಲ ನೋಡಿದಾಗ, ಇಷ್ಟು ವಯಸ್ಸಾದವರಿಗೂ ದೃಷ್ಟಿಬೊಟ್ಟು ಇಟ್ಟಿದ್ದಾರಲ್ಲ ಎಂದು ನನಗೆ ನಗು ಬಂದಿತ್ತು.

ಹುಮನಾಬಾದಿನ ಬಸ್ ನಿಲ್ದಾಣದ ಹಿಂದೆ ಅವರ ರಿಪೇರಿ ಅಂಗಡಿ. ಎಂಬತ್ತರ ದಶಕದ ಮೊದಲ ವರ್ಷಗಳು. ಮಸ್ಕತ್‌ನಲ್ಲಿ ಲಾರಿ ಓಡಿಸುತ್ತಿದ್ದ ನಮ್ಮಪ್ಪ ಅಲ್ಲಿಂದ ಅಗ್ಗದ ಟೇಪ್ ರೆಕಾರ್ಡರ್ ಒಂದನ್ನು ಕಳಿಸಿದ್ದರು. ಆಮೇಲೆ ಕಾಗದದ ಬದಲು ತಮ್ಮ ಮಾತು ತುಂಬಿದ ಕ್ಯಾಸೆಟ್ ಕಳಿಸುತ್ತಿದ್ದರು. ಅದು ಬಂದ ದಿನ ಬಸವಕಲ್ಯಾಣದ ನಮ್ಮ ಮನೆಯಲ್ಲಿ ಹಬ್ಬ. ಅವ್ವ ಮಾತ್ರ ಉತ್ತರ ತುಂಬಲು ಬಾಯಿ ಬಿಡುತ್ತಿರಲಿಲ್ಲ. "ನಂಗ ನಾಚಿಕಿ ಬರ್ತದ, ನೀನೇ ಬರದು ಹಾಕು" ಎನ್ನುತ್ತಿದ್ದಳು.

ಆರು ತಿಂಗಳಿಗೇ ಯಂತ್ರ ಕೆಟ್ಟಿತು. ಡಬ್ಬಿಯಲ್ಲಿದ್ದ ಗ್ಯಾರಂಟಿ ಚೀಟಿ ಹಿಡಿದು ಅವ್ವ, ನಾನು ಹುಮನಾಬಾದಿಗೆ ಹೋದೆವು. ಚಾಚಾ ಚೀಟಿಯನ್ನು ಜೋಪಾನವಾಗಿ ಮಡಚಿ ಕೊಟ್ಟರು.

"ಈ ಕಾಗದ ಸಮುದ್ರ ದಾಟಂಗಿಲ್ಲ ಬೇಟಿ. ಗ್ಯಾರಂಟಿ ನಾ ಕೊಡ್ತೀನಿ, ಒಂದು ವರ್ಷ."

ಅವರ ಗ್ಯಾರಂಟಿಗೆ ಕಾಗದವಿಲ್ಲ. ರಿಪೇರಿಯಾದ ಯಂತ್ರದಲ್ಲಿ ತಮ್ಮದೊಂದು ಕ್ಯಾಸೆಟ್ ಹಾಕಿ, ತಂದವರ ಬಾಯಿಂದಲೇ ಮಾಲಕರ ಹೆಸರು, ಊರು, ತಾರೀಖು ಹೇಳಿಸುತ್ತಿದ್ದರು. ವರ್ಷದೊಳಗೆ ಮತ್ತೆ ಕೆಟ್ಟರೆ ಆ ದನಿಯೇ ಸಾಕ್ಷಿ, ರಿಪೇರಿ ಪುಕ್ಕಟೆ. ಆದರೆ ಮಾಲಕರೆಂದರೆ ಅಪ್ಪ. ಗಂಡನ ಹೆಸರನ್ನು ಅವ್ವ ಹೇಳುವುದುಂಟೇ? ನಾನು ಹೇಳುತ್ತೇನೆಂದರೆ ಚಾಚಾ ಒಪ್ಪಲಿಲ್ಲ.

"ನೀ ನಾಳಿ ಲಗ್ನಾಗಿ ಹೋಗಾಕಿ. ಒಡಪು ಹಾಕಿ, ಪದದಾಗ ಹೆಸರು ಸೇರಿಸಿ ಹೇಳ್ರಿ ತಂಗಿ, ನಾ ನೋಡಂಗಿಲ್ಲ" ಎಂದು ಗೋಡೆಯ ಕಡೆ ತಿರುಗಿ ಕುಳಿತರು.

ಅವ್ವ ಸೆರಗು ಬಾಯಿಗೆ ಒತ್ತಿ, ನಡುವೆ ತಡೆದು, ನಕ್ಕು, ಅಂತೂ ಹೇಳಿದಳು: "ಬಿಸಿ ರೊಟ್ಟಿ ಬಡದೀನಿ, ಕುಟ್ಟೀನಿ ಶೇಂಗಾ, ಶಿವಪ್ಪನವರು ದೂರ ಅದಾರ, ದಿನ ಹೋಗೋದು ಹ್ಯಾಂಗ." ಚಾಚಾ ಅವರ ಬೆನ್ನು ನಗುವಿಗೆ ಅಲುಗುತ್ತಿತ್ತು.

ಮೂರು ವರ್ಷದ ಮೇಲೆ ಅವ್ವ ಜ್ವರದಲ್ಲಿ ತೀರಿಕೊಂಡಳು. ಅಪ್ಪ ಬರುವಷ್ಟರಲ್ಲಿ ಮಣ್ಣು ಮುಗಿದಿತ್ತು. ಹತ್ತು ದಿನದ ಮೇಲೆ ಒಂದು ಮುಂಜಾನೆ ಕೇಳಿದರು: "ಆಕಿ ದನಿ ಎಲ್ಲೂ ತುಂಬಿ ಇಟ್ಟಿಲ್ಲೇನು?"

ಸಿಕ್ಕ ಬಸ್ಸು ಹತ್ತಿ ಹುಮನಾಬಾದಿಗೆ ಹೋದೆ. ಅಪ್ಪನಿಗೆ ಅವ್ವನ ದನಿಯ ಕ್ಯಾಸೆಟ್ ಬೇಕೆಂದದ್ದೇ ತಡ, ಚಾಚಾ ಕೈಯಲ್ಲಿದ್ದ ಕೆಲಸ ಕೆಳಗಿಟ್ಟರು.

"ವರ್ಷ ಮುಗಿದ ಮ್ಯಾಲ ಮಂದಿ ಮನಿ ಹೆಣ್ಮಕ್ಕಳ ದನಿ ನಾ ಹ್ಯಾಂಗ ಇಟ್ಕೊಬೇಕು ಬೇಟಿ? ಎಲ್ಲಾರದೂ ಅಳಸ್ತೀನಿ. ನಿಮ್ಮವ್ವಂದೂ ನನ್ನ ಕೈಲಿಂದನ ಅಳಸೀನಿ."

"ಅಷ್ಟು ಸಾಚಾತನ ಯಾಕ ಬೇಕಿತ್ತು ನಿಮಗ?" ಎಂದು ಗಿರಾಕಿಗಳ ಮುಂದೆಯೇ ಕೂಗಾಡಿಬಿಟ್ಟೆ. ಎಂಥ ಮಾತು ಆಡಿದೆ, ನೆನೆದರೆ ಈಗಲೂ ನಾಲಿಗೆ ಕಚ್ಚಿಕೊಳ್ಳುತ್ತೇನೆ. ಚಾಚಾ ಗಿರಾಕಿಗಳನ್ನು ಕಳಿಸಿ, ಹೊಸ ಕ್ಯಾಸೆಟ್ ಬಿಚ್ಚಿ ಯಂತ್ರಕ್ಕೆ ಹಾಕಿದರು. "ತಂಗಿ ಹಿಂಗ ಹೇಳಿದ್ಳು" ಎಂದು ಕಣ್ಣು ಮುಚ್ಚಿದರು. ಅವ್ವ ತಡೆದಲ್ಲಿ ತಡೆದು, ನಕ್ಕಲ್ಲಿ ನಕ್ಕು, ತಮ್ಮ ಗೊಗ್ಗರು ದನಿಯಲ್ಲಿ ಆ ಒಡಪನ್ನು ಒಂದಕ್ಷರ ಬಿಡದೆ ಹೇಳಿದರು.

ಅಪ್ಪ ಅದನ್ನು ಕೇಳಿ, "ನನ್ನ ಹೆಸರು ಹೇಳಿದ್ಳಾ? ಲಗ್ನದಾಗ ಹೇಳಿದ್ದೇ ಕಡೀದು" ಎಂದರು. ನಕ್ಕರು. ಆಮೇಲೆ ಅತ್ತರು. ಮಸ್ಕತ್‌ಗೆ ಮರಳುವಾಗ ಆ ಕ್ಯಾಸೆಟ್ಟನ್ನು ಅಂಗಿಗಳ ನಡುವೆ ಸುತ್ತಿಕೊಂಡು ಹೋದರು.

ಚಾಚಾ ಅವರಿಗೆ ಇದನ್ನು ಹೇಳಬೇಕು, ತಪ್ಪಾಯಿತೆನ್ನಬೇಕು ಎಂದುಕೊಂಡೆ. ಹಾದಿ ಹೆಚ್ಚೇನಿಲ್ಲ, ಬಸ್ಸಿಗೂ ಬರವಿರಲಿಲ್ಲ. ಯಾವ ಮುಖ ಹೊತ್ತು ಹೋಗುವುದೆಂದು ದಿನ ದೂಡಿದೆ. ಆರು ತಿಂಗಳ ಮೇಲೆ ಹೋದಾಗ ಅಂಗಡಿಯಲ್ಲಿ ಅವರ ಮಗ ಕುಳಿತಿದ್ದ. ಚಾಚಾ ತೀರಿಕೊಂಡು ನಲವತ್ತು ದಿನವಾಗಿತ್ತು.

ನಾನು ಯಾರೆಂದು ಹೇಳುತ್ತಲೇ ಅವನು ಎದ್ದು ನಿಂತ. "ಅಬ್ಬಾ ದಿನಾ ಕೇಳ್ತಿದ್ರು, ಕಲ್ಯಾಣದ ಬೇಟಿ ಬಂದಿದ್ಳೇನು, ಅವರಪ್ಪಗ ಸಮಾಧಾನ ಆಯ್ತಂತೇನು ಅಂತ."

"ಆಯ್ತ್ರಿ, ಅಪ್ಪ ನಕ್ರು" ಎಂದು ಆ ಮಗನಿಗೆ ಹೇಳಿ ಬಂದೆ. ಹೇಳಬೇಕಿದ್ದದ್ದು ಚಾಚಾ ಅವರಿಗೆ.