ಬೆಂಚಿನ ಇನ್ನೊಂದು ತುದಿ

ಮಾನ್ವಿಯಲ್ಲಿ ನಾವು ದಿನಾ ಸೇರುವ ಚಹಾದಂಗಡಿಯ ಮುಂದೆ ಬೇವಿನ ನೆರಳು ಸರಿದಂತೆ ನಾವೂ ಬೆಂಚು ಸರಿಸಿಕೊಳ್ಳುತ್ತಿದ್ದೆವು. ಆ ಹೊತ್ತಿಗೆ ಜಗಳಾಡುತ್ತಿದ್ದ ಇಬ್ಬರೇ ಅದನ್ನು ಎತ್ತಬೇಕೆಂಬುದು ರೂಢಿ. ಎತ್ತಿ ಇಡುವಷ್ಟರಲ್ಲಿ ಸಿಟ್ಟು ಇಳಿದಿರುತ್ತಿತ್ತು.

ಈ ಬೇಸಿಗೆಯಲ್ಲಿ ಅಂಗಡಿಯವರು ತಗಡಿನ ಶೆಡ್ ಹಾಕಿಸಿದರು. ಈಗ ದಿನವಿಡೀ ನೆರಳು. ಬೆಂಚು ಕದಲುವುದೇ ಇಲ್ಲ. ಹಾಳಾದ ಸುಖ! ಕೂತಲ್ಲಿ ಕೂರಲಾಗದೆ ಚಡಪಡಿಸುತ್ತೇನೆ.

ಕಳೆದ ವಾರ ಕಾಲುವೆ ನೀರಿನ ಮಾತಿಗೆ ಪೋತ್ನಾಳದ ಗೆಳೆಯನಿಗೂ ನನಗೂ ಜಗಳವಾಯಿತು. ಅಂದಿನಿಂದ ಅವನು ಆ ತುದಿಗೆ, ನಾನು ಈ ತುದಿಗೆ, ಮಾತಿಲ್ಲ.

ನಿನ್ನೆ ತಡೆಯಲಾಗಲಿಲ್ಲ. ಎದ್ದು ನನ್ನ ತುದಿ ಹಿಡಿದೆ.

“ನೆರಳು ಇಲ್ಲೇ ಅದಲ್ರೀ, ಮತ್ಯಾಕ ಎತ್ತಾಕತ್ತೀರಿ?” ಎಂದರು ಅಂಗಡಿಯವರು.

ಗೆಳೆಯ ಎದ್ದು ಇನ್ನೊಂದು ತುದಿ ಹಿಡಿದ. ಇಬ್ಬರೂ ಸೇರಿ ಬೆಂಚನ್ನು ಬಿಸಿಲಿಗೆ ಒಯ್ದೆವು.